ವೈಜನಾಥರು ಅಂಟು ಬಿಟ್ಟ ವರ್ಷ

ನಾಲ್ಕನೇ ಮಹಡಿಯಿಂದ ನೋಡಿದರೆ ಎದುರಿನ ಫುಟ್‌ಪಾತಿನಲ್ಲಿ ನಿಂತವರ ಮುಖ ಕಾಣುವುದಿಲ್ಲ, ತಲೆ ಮತ್ತು ಹೆಗಲು ಮಾತ್ರ ಕಾಣುತ್ತವೆ. ಮಂಗಳವಾರ ಬೆಳಿಗ್ಗೆ ಅಶ್ವಿನಿಗೆ ಕಂಡದ್ದೂ ಅಷ್ಟೇ. ಒಂದು ಬಿಳಿ ಟೊಪ್ಪಿಗೆ, ಅದರ ಕೆಳಗೆ ಕೊರಳಿನ ಎರಡೂ ಕಡೆ ಇಳಿಬಿದ್ದ ಹಳದಿ ಪಟ್ಟಿ. ಬೆವರು ಒರೆಸಿಕೊಳ್ಳುವವರ ಹಾಗೆ ಟೊಪ್ಪಿಗೆ ಒಂದು ಕಡೆ ಬಾಗಿ ಹೆಗಲಿಗೆ ತಾಗಿತ್ತು. ಆಕೆ ಮಗುವಿನ ಜಬಲಾ ಹರವುತ್ತಿದ್ದಳು. ಕ್ಲಿಪ್ ಸಿಗಿಸಿ ಮತ್ತೆ ಬಗ್ಗಿ ನೋಡುವಷ್ಟರಲ್ಲಿ ಎಳನೀರಿನ ಗಾಡಿಯ ಪಕ್ಕ ಯಾರೂ ಇರಲಿಲ್ಲ.

ನಾಸಿಕ್‌ನಲ್ಲಿ ಬಿಳಿ ಟೊಪ್ಪಿಗೆಗೇನು ಬರ? ಆದರೆ ಅಳತೆಯ ಟೇಪನ್ನು ಡಾಕ್ಟರರ ಹಾಗೆ ಕೊರಳಿಗೆ ಹಾಕಿಕೊಂಡೇ ಬೀದಿಗೆ ಬರುವ ಮನುಷ್ಯ ಆಕೆಗೆ ಗೊತ್ತಿದ್ದದ್ದು ಒಬ್ಬರೇ. ಅವರು ಇರಬೇಕಾದದ್ದು ಸಂಭಾಜಿನಗರದಲ್ಲಿ, ಇಲ್ಲಿಂದ ಬಸ್ಸಿನಲ್ಲಿ ಐದು ತಾಸು ದೂರ.

"ಅಪ್ಪ ಇದ್ದಂಗ ಕಂಡ್ರು," ಎಂದು ಸಂಜೆ ಗಂಡನಿಗೆ ಹೇಳಿದಳು.

ರವಿಕಾಂತ ಅಂಬಡ್‌ನ ಕಾರ್ಖಾನೆಯೊಂದರಲ್ಲಿ ದಿನಕ್ಕೆ ಸಾವಿರ ಬೋಲ್ಟು ನೋಡಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡುವವನು. ಶೂ ಬಿಚ್ಚುತ್ತ ಹೇಳಿದ: "ಮೊನ್ನಿ ಲಿಫ್ಟಿನ ಹಗ್ಗ ಸವದಂಗ ಕಂಡಿತ್ತು. ನಿನ್ನಿ ಗ್ಯಾಸ್ ಲೀಕ್ ಆಗಿತ್ತು. ಇವತ್ತ ಮಾವನವರು. ಚಲೋ, ಪ್ರಗತಿ ಅದ."

ಆಕೆ ನಗಲಿಲ್ಲ. "ಬಂದಿದ್ರ ಮನಿಗಿ ಬರ್ತಿದ್ದಿಲ್ಲೇನ್ರಿ?" ಎಂದಳು.

ಅವನು ಶೂಗಳನ್ನು ಜೋಡಿಸಿ ಬಾಗಿಲ ಹಿಂದೆ ಇಟ್ಟ. ಬಂದಿದ್ದರೂ ಯಾಕೆ ಮೇಲೆ ಬರಲಿಕ್ಕಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ವೈಜನಾಥರು ಭಾಲ್ಕಿ ಕಡೆಯವರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಔರಂಗಾಬಾದಿಗೆ ಬಂದರು. ಊರಿಗೆ ಸಂಭಾಜಿನಗರ ಎಂಬ ಹೊಸ ಹೆಸರು ಬಂದರೂ ಅವರ ಬಾಯಲ್ಲಿ ಅದು ಇನ್ನೂ ಔರಂಗಾಬಾದೇ. ಜಾಲನಾ ರಸ್ತೆಯಲ್ಲಿ ಮೋಟಾರುಗಳ ಒಳಗೆಲಸ ಮಾಡುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಸೀಟು ಹೊಲಿಯುವುದು, ಒಳಚಾವಣಿಗೆ ಬಟ್ಟೆ ಬಿಗಿಯುವುದು, ನೆಲಕ್ಕೆ ಕಾರ್ಪೆಟ್ ಹಾಸುವುದು. ಮೊದಲ ನಾಲ್ಕು ವರ್ಷ ಅವರ ಕೈಗೆ ಕತ್ತರಿ ಸಿಗಲಿಲ್ಲ, ಅಂಟಿನ ಡಬ್ಬಿ ಮತ್ತು ಬ್ರಷ್ಷು ಸಿಕ್ಕಿತು. ಕಾರಿನೊಳಗೆ ಮೊಣಕಾಲೂರಿ, ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿ, ತಗಡಿನ ನೆಲಕ್ಕೆ ಹಳದಿ ಅಂಟು ಸವರುವುದು. ಹಸಿ ಅಂಟಿನ ಮೇಲೆ ರಸ್ತೆಯ ಧೂಳು ಕೂರಬಾರದೆಂದು ಅಂಗಡಿಯ ಉಸ್ತಾದರು ನಾಲ್ಕೂ ಬಾಗಿಲು ಮುಚ್ಚಿಸುತ್ತಿದ್ದರು. ಒಳಗಿದ್ದವರು ಒಳಗೇ ಇರಬೇಕು. ತಲೆ ಗಿರ್ ಎಂದಾಗ ಗಾಜು ಎರಡು ಬೆರಳಷ್ಟು ಇಳಿಸಿ ಮೂಗು ಹೊರಗಿಡುವುದು.

ಮುಂದೆ ಅವರದೇ ಅಂಗಡಿಯಾಯಿತು, ಹತ್ತಡಿ ಅಗಲದ್ದು. ವೇರೂಳ್ ಗುಹೆಗಳಿಗೆ ಪ್ರವಾಸಿಗರನ್ನು ಒಯ್ಯುವ ಅಂಬಾಸಡರ್ ಟ್ಯಾಕ್ಸಿಗಳಿಗೆಲ್ಲ ಅವರೇ ಕಾರ್ಪೆಟ್ ಹಾಸಿದರು. ಟ್ಯಾಕ್ಸಿಗಳು ಹೋಗಿ, ಅಚ್ಚಿನಲ್ಲಿ ಎರಕ ಹೊಯ್ದ ಕಾರ್ಪೆಟ್ಟನ್ನು ಜತೆಗೇ ಹೊತ್ತು ಬರುವ ಹೊಸ ಕಾರುಗಳು ಬಂದ ಮೇಲೆ ಅವರ ಹತ್ತಿರ ಉಳಿದವರು ಹಳೇ ಕಾರಿನ ಹುಚ್ಚಿನವರು. ಅವರಿಗೂ ವೈಜನಾಥರಿಗೂ ಚೆನ್ನಾಗಿ ಹೊಂದುತ್ತಿತ್ತು, ಯಾಕೆಂದರೆ ಯಾರಿಗೂ ಅವಸರವಿರಲಿಲ್ಲ.

ಅವರ ಕೆಲಸಕ್ಕೆ ಎರಡು ಕಟ್ಟುಪಾಡುಗಳಿದ್ದವು. ಹೊಸದು ಕೂತು ಸರಿಯಾಗುವ ತನಕ ಹಳೇ ಕಾರ್ಪೆಟ್ ಎಸೆಯಬಾರದು. ಎಷ್ಟೇ ಕೊಳೆತಿರಲಿ, ಅದನ್ನು ಕಂದು ಕಾಗದದ ಮೇಲೆ ಹರವಿ, ಸೀಟಿನ ಬೋಲ್ಟಿನ ತೂತುಗಳನ್ನೂ ನಡುವೆ ನೆಲ ಉಬ್ಬಿ ಬಂದ ಗೇರಿನ ಡುಬ್ಬವನ್ನೂ ಸೀಸದಕಡ್ಡಿಯಿಂದ ಗುರುತು ಮಾಡಬೇಕು. ಎರಡನೆಯದು, ಅಳತೆಯನ್ನು ಕಣ್ಣಾರೆ ಕಂಡೇ ತೆಗೆಯಬೇಕು. ಪುಣೆಯಿಂದ ಯಾರೋ ಫೋನಿನಲ್ಲಿ ಇಂಚು ಹೇಳಹೊರಟರೆ, "ಗಾಡಿ ತರ್ರಿ, ಇಲ್ಲಾಂದ್ರ ನಾ ಬರ್ತೀನಿ. ಫೋನಿನ್ಯಾಗ ಅಳತಿ ತಗೋಳಾಂಗಿಲ್ಲ," ಎಂದು ಇಟ್ಟುಬಿಡುವರು. ಒಂದೇ ವರ್ಷದ ಎರಡು ಫಿಯೆಟ್ಟುಗಳ ನೆಲ ಒಂದೇ ಸಮ ಇರುವುದಿಲ್ಲ. ಒಂದು ಗುಂಡಿಯಲ್ಲಿ ಬಿದ್ದಿರುತ್ತದೆ, ಇನ್ನೊಂದಕ್ಕೆ ತೇಪೆ ಬಿದ್ದಿರುತ್ತದೆ.

ಅಶ್ವಿನಿಗೆ ಚಿಕ್ಕಂದಿನಲ್ಲಿ ಅಂಟಿನ ವಾಸನೆ ಎಂದರೆ ಅಪ್ಪನ ವಾಸನೆ. ಸ್ಕೂಟರಿನಲ್ಲಿ ಅವರ ಬೆನ್ನಿಗೆ ಕೆನ್ನೆ ಒತ್ತಿ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದಳು. ಏಳನೇ ಇಯತ್ತೆಯಲ್ಲಿ ಪಕ್ಕದ ಬೆಂಚಿನವಳು, "ತುಝ್ಯಾ ಅಂಗಾಲಾ ಪಂಕ್ಚರ್‌ಚಾ ವಾಸ ಯೇತೋ," ನಿನ್ನ ಮೈಗೆ ಪಂಕ್ಚರ್ ಅಂಗಡಿಯ ವಾಸನೆ, ಎಂದು ಮೂಗು ಮುಚ್ಚಿಕೊಂಡ ಮೇಲೆ, ಗೇಟಿಗಿಂತ ಒಂದು ತಿರುವು ಮೊದಲೇ ಇಳಿಸಿರಿ ಎಂದಳು. ವೈಜನಾಥರು ಯಾಕೆ ಎಂದು ಕೇಳಲಿಲ್ಲ. ಮರುದಿನದಿಂದ ಆ ತಿರುವಿನಲ್ಲೇ ಸ್ಕೂಟರು ನಿಂತಿತು.

ತಾಯಿ ಸಂಗಮ್ಮ ತೀರಿಕೊಂಡಾಗ ಅಶ್ವಿನಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು. ಆಮೇಲೆ ಅಡುಗೆ ಅಪ್ಪನದು. ಕಾಲೇಜಿನಿಂದ ಬಂದರೆ ಮನೆಯ ತುಂಬ ಬೇಳೆ ತಳಹತ್ತಿದ ವಾಸನೆ, ಅವರು ಕುಕ್ಕರಿನ ಪಕ್ಕದಲ್ಲೇ ಕೂತು ಪೇಪರು ಓದುತ್ತಿರುತ್ತಿದ್ದರು. ಎಷ್ಟೋ ಸಲ ಹೀಗಾಯಿತು. ಅವ್ವನ ದುಃಖದಲ್ಲಿ ಮೈಮರೆತಿದ್ದಾರೆ ಅಂದುಕೊಂಡಳು. ಹೌದಲ್ಲ, ಮಗಳು ಮತ್ತೇನು ಅಂದುಕೊಂಡಾಳು?

ಮದುವೆಯಾಗಿ ನಾಸಿಕ್‌ಗೆ ಬಂದ ಮೇಲೆ ಮಗಳು ಹರ್ಷಿಣಿ ದಿನ ತುಂಬುವ ಮೊದಲೇ ಹುಟ್ಟಿದಳು. ಒಂಬತ್ತು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಆ ಒಂಬತ್ತು ದಿನ ಅಶ್ವಿನಿ ಕಲಿತದ್ದು ಉಸಿರು ಎಣಿಸುವುದನ್ನು. ಮನೆಗೆ ಬಂದ ಮೇಲೂ ಅದು ಬಿಡಲಿಲ್ಲ. ಒಗ್ಗರಣೆ ಹಾಕಿದರೆ ಬಾಗಿಲು ಹಾಕಿ ಬರುವಳು, ಊದುಬತ್ತಿ ಹಚ್ಚಗೊಡಳು. ಅತ್ತೆ ಮಲಕವ್ವ ಕಲಬುರಗಿಯಿಂದ ಬಾಣಂತನಕ್ಕೆ ಬಂದಿದ್ದವರು, "ನಮ್ಮ ಕೂಸುಗೋಳು ಹೊಗಿಯಾಗೇ ಬೆಳದಾವ, ನಿನ್ನ ಮಗಳೇನು ಬೆಣ್ಣಿ ಮುದ್ದಿ ಏನು?" ಎಂದು ಗೊಣಗಿದರೂ ತಾವೇ ಬಾಲ್ಕನಿಗೆ ಹೋಗಿ ಅಡಿಕೆ ತಂಬಾಕು ಕುಟ್ಟಿಕೊಳ್ಳುತ್ತಿದ್ದರು.

ತೊಟ್ಟಿಲು ಬರಬೇಕಾದದ್ದು ತವರಿನಿಂದ. ತರುವ ತಾಯಿ ಇಲ್ಲ. ವೈಜನಾಥರು ಹಳೇ ಸಾಗವಾನಿ ತೊಟ್ಟಿಲೊಂದನ್ನು ಹುಡುಕಿ ತಂದು, ಉಜ್ಜಿ ಪಾಲಿಶ್ ಮಾಡಿ, ಒಳಗೆಲ್ಲ ಕೆನೆಬಣ್ಣದ ಉಣ್ಣೆ ಕಾರ್ಪೆಟ್ ಹೊದಿಸಿದರು. ಜೀವಮಾನದ ಕೆಲಸವೇ ಅದಾದ್ದರಿಂದ ಕಾರಿಗೆ ಮಾಡಿದ ಹಾಗೆಯೇ ಮಾಡಿದರು: ಕೆಳಗೆ ಮೆತ್ತನೆಯ ಫೆಲ್ಟು, ಮೇಲೆ ಉಣ್ಣೆ, ನಡುವೆ ಎರಡು ಕೈ ಅಂಟು. ಮಾರನೆಯ ದಿನವೇ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಮೊದಲ ಬಸ್ಸಿಗೆ ಹತ್ತಿದರು. ಸೀಟಿನ ಮೇಲೆ ತೊಟ್ಟಿಲು, ತಾವು ಅದರ ಪಕ್ಕ ನಿಂತು ಬಂದರು.

ಮೂವತ್ತೈದನೇ ದಿನದ ತೊಟ್ಟಿಲ ಶಾಸ್ತ್ರಕ್ಕೆ ಹತ್ತು ಹನ್ನೆರಡು ಜನ ಸೇರಿದ್ದರು. ಮಲಕವ್ವ ಪದ್ಧತಿಯಂತೆ ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿಟ್ಟು ತೂಗಿದರು. ಆಮೇಲೆ ಮಗುವನ್ನಿಟ್ಟರು. ವೈಜನಾಥರು ಹಗ್ಗ ಹಿಡಿದು ನಾಲ್ಕು ಸಲ ತೂಗಿರಬಹುದು. ಮಗು ಕೆಮ್ಮಿತು, ಮುಖ ಕೆಂಪಾಯಿತು, ಉಸಿರು ಸಿಗದ ಹಾಗೆ ಬಾಯಿ ತೆರೆಯಿತು. ಅಶ್ವಿನಿ ಬಗ್ಗಿದಳು. ಗುಪ್ಪೆಂದು ಮೂಗಿಗೆ ಬಡಿಯಿತು. ಅರೆಒಣಗಿದ ಅಂಟು.

ಮಗುವನ್ನು ಎತ್ತಿ ಕಿಟಕಿಗೆ ಓಡಿದಳು. ಅಲ್ಲಿಂದಲೇ ಕೂಗಿದಳು: "ಇಷ್ಟು ವಾಸನಿ ಹೊಡಿಲತ್ತದ, ನಿಮಗ ತಿಳೀಲಿಲ್ಲೇನು? ಕೂಸಿನ ಇದ್ರಾಗ ಮಲಗಸ್ತೀರಿ? ಆಕಿ ಉಸಿರಿಗಿ ನಾ ಒಂಬತ್ತು ದಿನ ಕೈ ಜೋಡಿಸಿ ಕುಂತೀನಿ, ಅಪ್ಪಾ! ಈ ವಾಸನಿ ತಗೊಂಡು ನನ್ನ ಮಗಳ ಹತ್ರ ಬರಬ್ಯಾಡ್ರಿ."

ವೈಜನಾಥರು ತೊಟ್ಟಿಲಿನೊಳಗೆ ಮುಖ ತಂದು ಉಸಿರೆಳೆದರು. ಮತ್ತೊಮ್ಮೆ ಎಳೆದರು. ಆಮೇಲೆ ಸುತ್ತ ಮೂಗು ಮುಚ್ಚಿ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದರು, ಗೊತ್ತಿಲ್ಲದ ಭಾಷೆಯ ಊರಿನಲ್ಲಿ ಇಳಿದವರ ಹಾಗೆ. "ಹೌದವ್ವಾ. ತಪ್ಪಾಯ್ತು," ಎಂದರು. ನೋಡಿ ನೋಡಿ ಏನೂ ಆಗಿಲ್ಲದವರಂತೆ ನಿಂತಿದ್ದಾರಲ್ಲ ಎಂದು ಅಶ್ವಿನಿಗೆ ಇನ್ನಷ್ಟು ಸಿಟ್ಟು ಬಂತು.

ಮಗು ಹತ್ತು ನಿಮಿಷದಲ್ಲಿ ಸರಿಹೋಯಿತು. ಹೋಳಿಗೆ ಬಡಿಸುವ ಹೊತ್ತಿಗೆ ವೈಜನಾಥರೂ ತೊಟ್ಟಿಲೂ ಇರಲಿಲ್ಲ.

ಅಂದಿನಿಂದ ಎಂಟು ತಿಂಗಳು. ಭಾನುವಾರಕ್ಕೊಮ್ಮೆ ಅವರ ಫೋನು ಬರುತ್ತಿತ್ತು, ರವಿಕಾಂತನಿಗೆ. "ಕೂಸು ಆರಾಮ ಅದ ಏನ್ರಿ? ಆಕಿ ಆರಾಮಾ? ಆತು ಇಡ್ತೀನಿ." ಅಶ್ವಿನಿ ಪಕ್ಕದಲ್ಲೇ ಕೂತು ಕೇಳುವಳು. ಫೋನು ಕೈಗೆ ಕೊಡಲು ಅವನು ಚಾಚಿದರೆ, ಮಗುವಿನ ಬಾಯಿ ಒರೆಸುವ ಕೆಲಸ ಅದೇ ಕ್ಷಣಕ್ಕೆ ಬರುತ್ತಿತ್ತು. ತಪ್ಪು ನನ್ನದಲ್ಲ, ಆದರೆ ಅಷ್ಟು ಜನರ ಮುಂದೆ ಅನ್ನಬಾರದಿತ್ತು. ಅಂದದ್ದು ಸರಿ, ಆದರೆ ಕೂಗಬಾರದಿತ್ತು. ಈ ಲೆಕ್ಕ ಆಕೆಯ ತಲೆಯಲ್ಲಿ ಮುಗಿಯುತ್ತಲೇ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಗುಣವತಿಯವರ ಫೋನು ಬಂತು. ಗುಣವತಿ ಮತ್ತು ಅವರ ಗಂಡ ಮುದ್ದಣ್ಣ ಕಾರ್ಕಳದ ಕಡೆಯವರು, ನಾಸಿಕ್‌ನದೇ ಇಂದಿರಾನಗರದಲ್ಲಿ ಇಡ್ಲಿ ದೋಸೆಯ ಹೋಟೆಲು ನಡೆಸುವವರು. ಕನ್ನಡ ಸಂಘದಲ್ಲಿ ಪರಿಚಯ. ಮುದ್ದಣ್ಣನವರ ತಂದೆಯ ಕಾಲದ ಫಿಯೆಟ್ಟು ಹಿತ್ತಿಲ ಶೆಡ್ಡಿನಲ್ಲಿ ಕೊಳೆಯುತ್ತಿತ್ತು. ಎರಡು ವರ್ಷದ ಹಿಂದೆ, "ಅಪ್ಪ ಇಂಥದ್ದಕ್ಕೇ ಕಾಯ್ತಿರ್ತಾರ," ಎಂದು ನಂಬರು ಕೊಟ್ಟವಳು ಅಶ್ವಿನಿಯೇ.

"ಅಪ್ಪ ಹೊರಟ್ರಾ ಮಾರಾಯ್ತಿ? ಕಾರು ಎಷ್ಟು ಚಂದ ಮಾಡಿದ್ದಾರೆ ಅಂತ! ಮಂಗಳವಾರ ಇಲ್ಲಿಂದ ಹೊರಡುವಾಗ, ಮಗಳ ಮನೆಯಲ್ಲಿ ಎರಡು ದಿನ ಇದ್ದು ಹೋಗ್ತೇನೆ ಅಂದಿದ್ರು. ಒಂದು ಮಾತು ಥ್ಯಾಂಕ್ಸ್ ಹೇಳುವ ಅಂತ ಮಾಡಿದ್ದು."

ಅಶ್ವಿನಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಹೂಂ," ಎಂದಳು. "ಹೋದ್ರು ಆಂಟೀ. ನಿನ್ನೆ ಹೋದ್ರು."

"ಹನ್ನೊಂದು ದಿವಸ ಇದ್ರು ಇಲ್ಲಿ. ನಿಮಗೆ ಹೇಳ್ಬೇಡಿ, ಕೆಲಸ ಮುಗಿಸಿ ನಾನೇ ಹೋಗ್ತೇನೆ ಅಂದ್ರು. ನಾನೂ ಸರ್‌ಪ್ರೈಸ್ ಕೊಡುವ ಆಸೆ ಅಂತ ಸುಮ್ಮನಿದ್ದೆ. ನೀವು ಕಾರು ನೋಡ್ಲಿಕ್ಕೆ ಬನ್ನಿ. ಮಗುವನ್ನೂ ತನ್ನಿ."

ಹನ್ನೊಂದು ದಿನ. ರಿಕ್ಷಾದಲ್ಲಿ ಹತ್ತು ನಿಮಿಷದ ದಾರಿ. ಅಶ್ವಿನಿ ಮಗುವನ್ನು ಮೂರು ಸುತ್ತು ಸುತ್ತಿಕೊಂಡು, ಧೂಳಿಗೆ ಹೆದರುತ್ತಲೇ ರಿಕ್ಷಾ ಹತ್ತಿದಳು.

ಫಿಯೆಟ್ಟು ಬೂದು ಬಣ್ಣದ್ದು. ನಾಲ್ಕೂ ಬಾಗಿಲು ತೆರೆದಿಟ್ಟಿದ್ದರು. ನೆಲದಲ್ಲಿ ಕಡುಗೆಂಪು ಉಣ್ಣೆ. ಅಶ್ವಿನಿ ಮೋಟಾರು ಕೆಲಸದವರ ಮಗಳು, ಆಕೆಯ ಕಣ್ಣು ತಾನಾಗಿ ಗೇರಿನ ಡುಬ್ಬಕ್ಕೆ ಹೋಯಿತು. ಕಾರ್ಪೆಟ್ಟಿನವರ ಕೈ ಗೊತ್ತಾಗುವುದು ಅಲ್ಲೇ. ಚಪ್ಪಟೆ ಬಟ್ಟೆಯನ್ನು ಒಂಟೆಯ ಬೆನ್ನಿನಂಥ ಉಬ್ಬಿನ ಮೇಲೆ ಕೂರಿಸಬೇಕು, ಅಂಟು ಎಳೆದು ಹಿಡಿಯದಿದ್ದರೆ ಅದು ಎದ್ದುಬರುತ್ತದೆ. ಇಲ್ಲಿ ಎದ್ದಿರಲಿಲ್ಲ. ಬೆರಳಾಡಿಸಿದಳು. ಉಬ್ಬಿನ ಎರಡೂ ಬದಿ, ಉಣ್ಣೆಯ ಎಳೆಗಳ ಸಂದಿಯಲ್ಲಿ, ಕಣ್ಣಿಗೆ ಬೀಳದಷ್ಟು ಸಣ್ಣ ಹೊಲಿಗೆ. ಅಂಚಿನಲ್ಲಿ ಒತ್ತುಗುಂಡಿಗಳು, ಹೊಸ್ತಿಲಿನುದ್ದಕ್ಕೂ ಸ್ಕ್ರೂ ಹಾಕಿದ ತೆಳು ಪಟ್ಟಿ. ಮೂಲೆ ಎತ್ತಿದಳು. ಕೆಳಗಿನ ಫೆಲ್ಟನ್ನೂ ಕೈಯಲ್ಲೇ ಹೊಲಿದಿದ್ದರು, ಗೋಣಿಯ ದಾರದಿಂದ, ಅಂಗುಲಕ್ಕೊಂದು.

ಬಗ್ಗಿ ಮೂಗು ಒತ್ತಿದಳು. ಉಣ್ಣೆ. ಉಣ್ಣೆ ಬಿಟ್ಟು ಏನೂ ಇಲ್ಲ.

"ಒಂದು ಚಮಚ ಅಂಟು ಮುಟ್ಟಿಲ್ಲ ಅವರು," ಗುಣವತಿ ಹಿಂದಿನಿಂದ ಹೇಳಿದರು. "ನಾಲ್ಕು ದಿವಸದ ಕೆಲಸ ಹನ್ನೊಂದು ದಿವಸ ಆಯ್ತು. ನಮ್ಮವರು ತಮಾಷೆ ಮಾಡಿದ್ರು, 'ಏನು ವೈಜನಾಥ್ರೇ, ಮದುವೆ ಸೀರೆಗೆ ಕಸೂತಿ ಹಾಕ್ತಿದ್ದೀರಾ?' ಅಂತ. ಅದಕ್ಕೆ, 'ಈ ವರ್ಷದಿಂದ ಅಂಟು ಬಿಟ್ಟೀನ್ರಿ, ಬ್ಯಾರೆಯವರು ಬೀಡಿ ಬಿಟ್ಟಂಗ,' ಅಂದ್ರು. ಒದ್ದೆ ಬಟ್ಟೆ ಹಾಕಿ ಇಸ್ತ್ರಿ ತಿಕ್ಕಿ ತಿಕ್ಕಿ ಆ ಡುಬ್ಬಕ್ಕೆ ಕೂರಿಸಿದ್ದು. ಕೈ ಎಲ್ಲ ಬೊಬ್ಬೆ. ಪಾಪ, ಮೂಗಿಗೆ ಏನೂ ಬರುದಿಲ್ಲ ಅಲ್ವಾ ಅವರಿಗೆ, ಅಂಟು ಹಾಕಿದ್ರೂ ಒಣಗಿತಾ ಇಲ್ವಾ ಗೊತ್ತಾಗ್ಲಿಕ್ಕಿಲ್ಲ."

ಅಶ್ವಿನಿ ತಿರುಗಿದಳು. "ಅಂದ್ರ?"

"ನಿಮಗೆ ಗೊತ್ತಿಲ್ವಾ?" ಗುಣವತಿಯ ಕಣ್ಣು ದೊಡ್ಡದಾಯಿತು. "ಎರಡನೇ ದಿವಸ ಅವರ ಪಕ್ಕದ ಒಲೆಯಲ್ಲೇ ಹಾಲು ಸೀದು ಕರ್ರಗಾಯ್ತು. ಇಡೀ ಹೋಟೆಲು ಓಡಿ ಬಂತು, ಅವರು ಬೆನ್ನು ಹಾಕಿ ಹೊಲೀತಾ ಇದ್ರು. ಆಗ ಹೇಳಿದ್ದು. ವಾಸನೆ ಹೋಗಿ ಎಷ್ಟು ವರ್ಷ ಆಯ್ತು ಅಂತ ಅವರಿಗೇ ಗೊತ್ತಿಲ್ವಂತೆ. ಮನೆಯಲ್ಲಿ ಹೇಳುವವರು ಹೋದ್ರು, ಆಮೇಲೆ ಯಾರು ಹೇಳ್ಬೇಕು ಅಂದ್ರು. ಈಚೆಗೆ ಒಂದು ದಿವಸ ಎಲ್ಲರೂ ಒಟ್ಟಿಗೆ ಮೂಗು ಮುಚ್ಚಿಕೊಂಡದ್ದು ನೋಡಿ, ಆವತ್ತೇ ಖಾತ್ರಿ ಆಯ್ತಂತೆ."

ಒಟ್ಟಿಗೆ ಮೂಗು ಮುಚ್ಚಿಕೊಂಡದ್ದು. ಅಶ್ವಿನಿ ಕಾರಿನ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಬೇಳೆ ಹತ್ತಿದ ಕುಕ್ಕರಿನ ಪಕ್ಕ ಕೂತ ಅಪ್ಪ ಕಂಡರು. ತೊಟ್ಟಿಲಿನೊಳಗೆ ಮುಖ ಇಟ್ಟು ಎರಡು ಸಲ ಉಸಿರೆಳೆದ ಅಪ್ಪ ಕಂಡರು.

ಗುಣವತಿ ಆಕೆಯ ಮುಖ ಗಮನಿಸದೆ ಹೇಳುತ್ತಲೇ ಇದ್ದರು. "ಮಂಗಳವಾರ ಹೊರಡುವ ಮೊದಲು ಎರಡು ಸಲ ಸ್ನಾನ ಮಾಡಿದ್ರು. ಹೊಸ ಅಂಗಿ. ನನ್ನ ಹತ್ತಿರ ಬಂದು ತೋಳು ಚಾಚಿ, 'ವಾಸನಿ ಬರ್ತದೇನ್ರಿ?' ಅಂತ ಕೇಳಿದ್ರು. ಸೋಪಿನದ್ದು ಬಿಟ್ರೆ ಏನೂ ಇಲ್ಲ ಅಂದೆ. ನಂಬ್ಲಿಲ್ಲ. ಅಡುಗೆ ಭಟ್ರನ್ನು ಕೇಳಿದ್ರು. ಕ್ಯಾಶಿನಲ್ಲಿ ಕೂತ ನಮ್ಮವರನ್ನು ಕೇಳಿದ್ರು. 'ಖರೇ ಹೇಳ್ರಿ, ಸಣ್ಣ ಕೂಸಿನ ಮನೀಗಿ ಹೊಂಟೀನಿ,' ಅಂತ. ನಮಗೆ ನಗು."

ಮೂರು ಜನರನ್ನು ಕೇಳಿಕೊಂಡು, ಹೊಸ ಅಂಗಿ ತೊಟ್ಟು, ಮನೆಯೆದುರಿನ ಆ ಫುಟ್‌ಪಾತಿನ ತನಕ ಬಂದಿದ್ದರು. ಅಲ್ಲಿ ಕೇಳಲು ಯಾರೂ ಇರಲಿಲ್ಲ. ಟೊಪ್ಪಿಗೆ ಬಾಗಿ ಹೆಗಲಿಗೆ ತಾಗಿದ್ದು ಬೆವರು ಒರೆಸಲಿಕ್ಕಲ್ಲ. ಏನನ್ನೂ ಹೇಳದ ಆ ಮೂಗನ್ನು ಮತ್ತೊಮ್ಮೆ ತೋಳಿಗಿಟ್ಟು, ಇನ್ನೂ ಅನುಮಾನ ಹೋಗದೆ, ಮಗಳ ಬಾಗಿಲಿಗಿಂತ ಒಂದು ತಿರುವು ಮೊದಲೇ ನಿಂತು ಹೋಗಿದ್ದರು.

ಮಡಿಲಲ್ಲಿ ಹರ್ಷಿಣಿ ಕೊಸರಾಡಿದಳು. ನೆಲಕ್ಕೆ ಬಿಡುವುದೆಂದರೆ ಅಶ್ವಿನಿಗೆ ಜೀವ ಹೋದ ಹಾಗೆ. ಮನೆಯಲ್ಲಿ ದಿನಕ್ಕೆ ಮೂರು ಸಲ ಫಿನೈಲು ಹಾಕಿ ಒರೆಸಿದ ಮೇಲೂ ಚಾಪೆ ಬೇಕು. ಈಗ ಸುತ್ತಿದ್ದ ಬಟ್ಟೆ ಬಿಚ್ಚಿ ಮಗುವನ್ನು ಕಾರಿನೊಳಗಿನ ಕೆಂಪು ಉಣ್ಣೆಯ ಮೇಲೆ ಬಿಟ್ಟಳು. ಮಗು ಎರಡೂ ಅಂಗೈಯಿಂದ ಉಣ್ಣೆಯನ್ನು ತಟ್ಟಿ ನೋಡಿತು. ಡುಬ್ಬದ ಹತ್ತಿರ ಅಂಬೆಗಾಲಿಟ್ಟು ಹೋಗಿ, ಅದನ್ನು ಹಿಡಿದು ಎದ್ದು ನಿಲ್ಲಲು ನೋಡಿ, ಕುಂಡೆಯೂರಿ ಕುಳಿತು ನಕ್ಕಿತು. ಅಶ್ವಿನಿ ಉಸಿರು ಎಣಿಸುವುದನ್ನು ಮರೆತಳು.

"ಎಷ್ಟು ಬೆಳ್ದಿದ್ದಾಳೆ!" ಎಂದರು ಗುಣವತಿ. "ಅಯ್ಯೋ, ಅಪ್ಪನಿಗೆ ಅಂದಾಜೇ ಇಲ್ಲ. ಉಳಿದ ತುಂಡು ಕೊಡ್ತೀರಾ ಅಂತ ಕೇಳಿ ತಗೊಂಡ್ರು, ತೊಟ್ಟಿಲಿಗೆ ಅಂತೆ, ಈ ಸಲ ಹೊಲೀತೇನೆ ಅಂತೆ. ಟೇಪು ಹಿಡಿದು ಇಷ್ಟೇ ಇಷ್ಟು ಅಳತೆ ಹಾಕಿದ್ರು." ಅವರು ಎರಡು ಕೈ ಅಗಲಿಸಿ ತೋರಿಸಿದರು.

ಮೂವತ್ತೈದು ದಿನದ ಕೂಸಿನ ಅಳತೆ ಅದು. ಅವರು ಕಣ್ಣಾರೆ ಕಂಡು ತೆಗೆದ ಅಳತೆ ಅದೊಂದೇ. ಈಗ ಹರ್ಷಿಣಿಯ ಕಾಲು ಆ ತೊಟ್ಟಿಲಿನಿಂದ ಹೊರಗೆ ಬರುತ್ತದೆ. ಆಕೆ ಇನ್ನು ಯಾವ ತೊಟ್ಟಿಲಲ್ಲೂ ಮಲಗುವುದಿಲ್ಲ. ಸಂಭಾಜಿನಗರದ ಹತ್ತಡಿ ಅಂಗಡಿಯಲ್ಲಿ, ಬೊಬ್ಬೆ ಎದ್ದ ಬೆರಳಿನಿಂದ, ಅವರು ಇಷ್ಟು ಹೊತ್ತಿಗೆ ಆ ತುಂಡಿಗೆ ಕತ್ತರಿ ಹಾಕುತ್ತಿರಬಹುದು.

ಅಶ್ವಿನಿ ಫೋನು ತೆಗೆದಳು. ಎಂಟು ತಿಂಗಳಿನಿಂದ ಒತ್ತದ ಹೆಸರು ಹುಡುಕಿ ಕೆಳಕೆಳಗೆ ಹೋಗಬೇಕಾಯಿತು. ನಾಲ್ಕನೇ ರಿಂಗಿಗೆ ಎತ್ತಿದರು.

"ಯಾಕವ್ವಾ?" ದನಿಯಲ್ಲಿ ಗಾಬರಿ. "ಕೂಸಿಗಿ ಏನಾಯ್ತು?"

"ಏನೂ ಆಗಿಲ್ಲಪ್ಪಾ." ಆಕೆ ಮಗುವಿನ ಬೆನ್ನ ಮೇಲೆ ಕೈಯಿಟ್ಟಳು. ಜಾಲನಾ ರಸ್ತೆಯ ಹಾರ್ನುಗಳು ಕೇಳುತ್ತಿದ್ದವು. "ಅಪ್ಪಾ, ಕತ್ತರಿ ಹಾಕಬ್ಯಾಡ್ರಿ. ಆ ಅಳತಿ ಈಗ ಹೊಂದಂಗಿಲ್ಲ."

ಆ ಕಡೆ ಕೊರಳಿನಿಂದ ಟೇಪು ಎಳೆದುಕೊಂಡ ಸದ್ದು, ಅಥವಾ ಆಕೆಗೆ ಹಾಗೆ ಅನಿಸಿತು. "ಹೌದೇನು," ಎಂದರು ಮೆಲ್ಲಗೆ. "ಹಂಗಾರ ಎಷ್ಟು ಉದ್ದ ಆಗ್ಯಾಳ? ಹೇಳು, ಬರ್ಕೋತೀನಿ."

"ಫೋನಿನ್ಯಾಗ ಹೇಳಂಗಿಲ್ಲ," ಎಂದಳು ಅಶ್ವಿನಿ, ಅಳುತ್ತ. "ನೀವೇ ಬಂದು ತಗೋರಿ."